ಹೆದ್ದಾರಿ ಮತ್ತು ಪರದೆ: ಹೊಸೂರು ಸೀಮೆಯ ಕಾರುಗಳಲ್ಲಿ ಟ್ಯಾಬ್ ಜೋಡಣೆಯ ಒಂದು ಪರಿಶೀಲನೆ

ಕಾರಿನೊಡನೆ ಬಂದ ಸ್ಟೀರಿಯೊವನ್ನು ಡ್ಯಾಶ್‌ಬೋರ್ಡಿನಿಂದ ಕಳಚಿ, ಆ ಜಾಗದಲ್ಲಿ ಟ್ಯಾಬ್ ಒಂದನ್ನೋ ಟ್ಯಾಬಿನಂತೆಯೇ ಕೆಲಸ ಮಾಡುವ ಆಂಡ್ರಾಯ್ಡ್ ಪರದೆಯನ್ನೋ ಕೂರಿಸಿ, ದಾರಿ ತೋರಿಸುವ ನಕ್ಷೆಯಾಗಿ ಬಳಸುವ ರೂಢಿ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಸಾಲಿನಿಂದ ಹೊಸೂರು, ಕೃಷ್ಣಗಿರಿಗಳ ಕಾರ್ ಆಕ್ಸೆಸರೀಸ್ ಅಂಗಡಿಗಳವರೆಗೆ ಹಬ್ಬಿ ನೆಲೆಯೂರಿದೆ. ಬಾಡಿಗೆ ಕಾರುಗಳ ಚಾಲಕರು, ಸಿಪ್ಕಾಟ್ ಕೈಗಾರಿಕಾ ವಸಾಹತುಗಳಿಗೆ ಕೆಲಸಗಾರರನ್ನು ಕರೆದೊಯ್ಯುವ ವ್ಯಾನಿನವರು, ಹಳೆಯ ಕಾರನ್ನೇ ಇಟ್ಟುಕೊಂಡು ಹೊಸ ಕಾರಿನ ಸೌಕರ್ಯ ಬಯಸುವ ಮನೆಮಂದಿ, ಎಲ್ಲರೂ ಇದರ ಗಿರಾಕಿಗಳೇ. ಈ ಜೋಡಣೆಯ ಬಗ್ಗೆ ನಡೆಯುವ ಮಾತೆಲ್ಲ ಸಾಮಾನ್ಯವಾಗಿ ಪರದೆ ಎಷ್ಟು ಇಂಚು, ಒಳಗಿನ ಮೆಮೊರಿ ಎಷ್ಟು, ಬೆಲೆ ಎಷ್ಟು ಎಂಬಲ್ಲಿಗೆ ನಿಲ್ಲುತ್ತದೆ. ದಾರಿ ತೋರಿಸುವ ಉಪಕರಣವಾಗಿ ಅದು ತನ್ನ ಕೆಲಸವನ್ನು ಎಷ್ಟರಮಟ್ಟಿಗೆ ಮಾಡುತ್ತದೆ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಬೆಂಗಳೂರಿನಿಂದ ಕೃಷ್ಣಗಿರಿಯವರೆಗಿನ ಸುಮಾರು 90 ಕಿ.ಮೀ. ರಸ್ತೆ ಆ ಪ್ರಶ್ನೆಗೆ ಸ್ಪಷ್ಟವಾದ ಉತ್ತರವನ್ನೇ ಕೊಡುತ್ತದೆ.

ಈ ರೂಢಿಯೊಳಗೆ ಎರಡು ಬೇರೆ ಬೇರೆ ಕೆಲಸಗಳು ಸೇರಿಕೊಂಡಿವೆ. ಸ್ಟೀರಿಯೊ ಕೂರುವ ಕಿಂಡಿಗೆ ಜಗತ್ತಿನಾದ್ಯಂತ ಒಪ್ಪಿತವಾದ ಒಂದು ಅಳತೆಯಿದ್ದು, ಜರ್ಮನಿಯ ಮಾನಕ ಸಂಸ್ಥೆಯ ಹೆಸರಿನಿಂದ ಅದನ್ನು ‘ಡಿನ್’ ಎಂದು ಕರೆಯುತ್ತಾರೆ. ಸಿಂಗಲ್ ಡಿನ್ ಎಂದರೆ ಸುಮಾರು 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರದ ಕಿಂಡಿ, ಡಬಲ್ ಡಿನ್ ಎಂದರೆ ಅದೇ ಅಗಲ, ಎರಡರಷ್ಟು ಎತ್ತರ. ಅಂಗಡಿಗಳಲ್ಲಿ ಸಿಗುವ ಆಂಡ್ರಾಯ್ಡ್ ಸ್ಟೀರಿಯೊಗಳ ಹಿಂಭಾಗವನ್ನು ಈ ಅಳತೆಗೇ ಮಾಡಿರುವುದರಿಂದ, ಆಯಾ ಕಾರಿನ ಫ್ರೇಮನ್ನೂ ಕಪ್ಲರನ್ನೂ ಬಳಸಿದರೆ ಮೂಲ ವೈರುಗಳನ್ನು ಕತ್ತರಿಸದೆಯೇ ಅವು ಕೂರುತ್ತವೆ. ಟ್ಯಾಬಿನ ಸಂಗತಿ ಹಾಗಲ್ಲ. 2012ರಲ್ಲಿ ಬಂದ ನೆಕ್ಸಸ್ 7 ಎಂಬ ಏಳಿಂಚಿನ ಟ್ಯಾಬನ್ನು ವಿದೇಶಗಳಲ್ಲಿ ಹವ್ಯಾಸಿಗಳು ಬಹಳ ಇಷ್ಟಪಟ್ಟು ತಮ್ಮ ಕಾರುಗಳಲ್ಲಿ ಹುದುಗಿಸಿದರು; ಅದರ ಮೈಯಳತೆಯೇ ಸುಮಾರು 198 ಮಿ.ಮೀ. ಉದ್ದ, 120 ಮಿ.ಮೀ. ಅಗಲ. ಅಂದರೆ ಏಳಿಂಚಿನ ಸಣ್ಣ ಟ್ಯಾಬೂ ಡಬಲ್ ಡಿನ್ ಕಿಂಡಿಯೊಳಗೆ ಇಳಿಯುವುದಿಲ್ಲ, ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕನ್ನು ಕೊರೆಯಲೇಬೇಕಾಗುತ್ತದೆ. ಒಮ್ಮೆ ಕೊರೆದ ಡ್ಯಾಶ್‌ಬೋರ್ಡು ಮತ್ತೆ ಮೊದಲಿನಂತಾಗುವುದಿಲ್ಲ. ಕಾರು ಹತ್ತು ಹದಿನೈದು ವರ್ಷ ಬಾಳಿದರೆ, ಹೊಸ ತಂತ್ರಾಂಶ ಸಿಗದೆ ಟ್ಯಾಬು ನಾಲ್ಕೈದು ವರ್ಷಗಳಲ್ಲೇ ಹಳತಾಗುತ್ತದೆ, ಆಮೇಲೆ ಬರುವ ಟ್ಯಾಬಿನ ಅಳತೆ ಹಳೆಯ ಗುಂಡಿಗೆ ಹೊಂದುವ ಭರವಸೆಯೂ ಇಲ್ಲ.

ಅದಕ್ಕಿಂತ ದೊಡ್ಡ ದೋಷ ಕಣ್ಣಿಗೆ ಕಾಣದ ಕಡೆ ಇದೆ. ದಾರಿ ತೋರಿಸುವ ಪರದೆಯ ಜೀವ ಇರುವುದು ನಕ್ಷೆಯಲ್ಲಲ್ಲ, ಕಾರು ಈ ಕ್ಷಣ ಎಲ್ಲಿದೆ ಎಂದು ಲೆಕ್ಕ ಹಾಕುವ ರಿಸೀವರಿನಲ್ಲಿ. ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಕಳಿಸುವ ಸಂಕೇತಗಳ ಹೊತ್ತನ್ನು ಹೋಲಿಸಿ, ಕನಿಷ್ಠ ನಾಲ್ಕು ಉಪಗ್ರಹಗಳಿಂದ ಇರುವ ದೂರವನ್ನು ಕಂಡುಕೊಂಡು, ರಿಸೀವರು ತನ್ನ ಸ್ಥಾನವನ್ನು ನಿರ್ಧರಿಸುತ್ತದೆ. ರಷ್ಯದ ಗ್ಲೋನಾಸ್, ಯುರೋಪಿನ ಗೆಲಿಲಿಯೊ, ಇಸ್ರೋದ ನಾವಿಕ್ ವ್ಯವಸ್ಥೆಗಳೂ ಇದೇ ತತ್ವದ ಮೇಲೆ ನಡೆಯುತ್ತವೆ. ಈ ಸಂಕೇತಗಳು ಬಹಳ ದುರ್ಬಲವಾದುದರಿಂದ ಅಂಟೆನಾಕ್ಕೆ ತೆರೆದ ಆಕಾಶ ಬೇಕು. ಆಂಡ್ರಾಯ್ಡ್ ಸ್ಟೀರಿಯೊಗಳ ಜೊತೆ ಉದ್ದನೆಯ ವೈರಿನ ಒಂದು ಚಿಕ್ಕ ಅಂಟೆನಾ ಬರುವುದು ಇದೇ ಕಾರಣಕ್ಕೆ. ಅದನ್ನು ಮುಂಗಾಜಿನ ಬುಡದಲ್ಲಿ, ಆಕಾಶಕ್ಕೆ ಮುಖಮಾಡಿ ಅಂಟಿಸಬೇಕು. ಟ್ಯಾಬಿನ ಅಂಟೆನಾ ಅದರ ಮೈಯೊಳಗೇ ಇರುವುದರಿಂದ, ಟ್ಯಾಬನ್ನು ಡ್ಯಾಶ್‌ಬೋರ್ಡಿನ ಆಳಕ್ಕೆ, ಲೋಹದ ಬ್ರಾಕೆಟ್ಟುಗಳ ನಡುವೆ ಇಳಿಸಿದಾಗ ಅದು ಆಕಾಶವನ್ನು ಅರ್ಧಕ್ಕರ್ಧ ಕಳೆದುಕೊಳ್ಳುತ್ತದೆ. ಇನ್ನು ಮನೆಯಲ್ಲಿ ಸುಮ್ಮನೆ ಬಿದ್ದಿರುವ ಐಪ್ಯಾಡನ್ನು ಕಾರಿಗೆ ಹಾಕಿಸುವವರು ತಿಳಿದಿರಬೇಕಾದ ಸಂಗತಿ ಒಂದಿದೆ: ವೈಫೈ ಮಾತ್ರ ಇರುವ ಐಪ್ಯಾಡುಗಳಲ್ಲಿ ಜಿಪಿಎಸ್ ರಿಸೀವರೇ ಇರುವುದಿಲ್ಲ, ಸಿಮ್ ಬಳಸುವ ಮಾದರಿಗಳಲ್ಲಿ ಮಾತ್ರ ಅದು ಇರುತ್ತದೆ.

ಈ ದೌರ್ಬಲ್ಯದ ಬೆಲೆ ಏನೆಂಬುದು ಹೊಸೂರಿನೊಳಗೇ ತಿಳಿಯುತ್ತದೆ. ಅತ್ತಿಬೆಲೆ ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 44, ಅಂದರೆ ಹಿಂದೆ 7 ಎಂಬ ಸಂಖ್ಯೆಯಿದ್ದ ರಸ್ತೆ, ಹೊಸೂರು ಬಸ್ ನಿಲ್ದಾಣದ ಬಳಿ ಮೇಲ್ಸೇತುವೆ ಹತ್ತುತ್ತದೆ. ಅದರ ಮಗ್ಗುಲಲ್ಲೇ, ಕೆಲವೇ ಮೀಟರುಗಳ ಅಂತರದಲ್ಲಿ, ಸರ್ವಿಸ್ ರಸ್ತೆ ಹರಿಯುತ್ತದೆ. ತಳಿಯ ಕಡೆಗೋ ಡೆಂಕಣಿಕೋಟೆಯ ಕಡೆಗೋ ಹೋಗಬೇಕಾದ ಕಾರು ಮೇಲ್ಸೇತುವೆಗೆ ಮುಂಚೆಯೇ ಸರ್ವಿಸ್ ರಸ್ತೆಗೆ ಇಳಿದಿರಬೇಕು. ಬಯಲಿನಲ್ಲಿ ಒಂದು ಒಳ್ಳೆಯ ಸ್ಮಾರ್ಟ್‌ಫೋನಿನ ಸ್ಥಾನನಿರ್ಣಯವೇ ಸುಮಾರು 5 ಮೀಟರ್ ಆಚೀಚೆ ಆಗುತ್ತದೆ, ಎತ್ತರದ ಲೆಕ್ಕದಲ್ಲಿ ತಪ್ಪು ಇನ್ನೂ ಹೆಚ್ಚು. ಹೀಗಿರುವಾಗ ಆಕಾಶ ಮರೆಯಾದ ಟ್ಯಾಬು ಹೆದ್ದಾರಿಯನ್ನೂ ಸರ್ವಿಸ್ ರಸ್ತೆಯನ್ನೂ, ಸೇತುವೆಯ ಮೇಲನ್ನೂ ಕೆಳಗನ್ನೂ ಬೇರ್ಪಡಿಸಲಾರದು. ಕಾರು ಸರ್ವಿಸ್ ರಸ್ತೆಯಲ್ಲಿದ್ದರೂ ನೀಲಿ ಬಾಣ ಹೆದ್ದಾರಿಯ ಮೇಲೇ ಸಾಗುತ್ತದೆ, ತಿರುವು ಕಳೆದ ಮೇಲೆ ನಕ್ಷೆ ಹೊಸ ದಾರಿ ಹುಡುಕತೊಡಗುತ್ತದೆ, ಅಷ್ಟರಲ್ಲಿ ಕಾರು ಲಾರಿಗಳ ಸಾಲಿನ ನಡುವೆ ಸಿಕ್ಕಿರುತ್ತದೆ. ಇಂಥಲ್ಲಿ ಅರೆಮನಸ್ಸಿನಿಂದ ಬ್ರೇಕ್ ಒತ್ತುವ, ಕೊನೆಯ ಗಳಿಗೆಯಲ್ಲಿ ಎಡಕ್ಕೆ ಎಳೆಯುವ ಚಾಲಕನಿಗೂ ಹಿಂದಿನಿಂದ ಬರುವವರಿಗೂ ಆಗುವ ಅಪಾಯಕ್ಕೆ ಪರದೆಯ ಅಂಗುಲಗಳು ಪರಿಹಾರವಲ್ಲ. ಗೂಗಲ್ ಮ್ಯಾಪ್ಸ್ 2024ರ ಜುಲೈಯಲ್ಲಿ ಭಾರತದ 40 ನಗರಗಳಿಗೆ ಮೇಲ್ಸೇತುವೆಯ ಮುನ್ಸೂಚನೆಯನ್ನು ಸೇರಿಸಿದ್ದು ಈ ತೊಂದರೆ ಎಷ್ಟು ವ್ಯಾಪಕವಾದುದು ಎಂಬುದಕ್ಕೆ ಸಾಕ್ಷಿ. ಆದರೆ ಆ ಸೂಚನೆಯೂ ಸರಿಯಾದ ಹೊತ್ತಿಗೆ ಬರಬೇಕಾದರೆ ರಿಸೀವರು ಸರಿಯಿರಬೇಕು.

ಕಾರಿನ ನಕ್ಷೆಯ ಚರಿತ್ರೆಯನ್ನು ಗಮನಿಸಿದರೆ, ಟ್ಯಾಬಿಗೆ ಬರುವಾಗ ಈ ವಿದ್ಯೆ ಏನನ್ನು ಕಳೆದುಕೊಂಡಿತೆಂಬುದು ತಿಳಿಯುತ್ತದೆ. 1981ರಲ್ಲಿ ಜಪಾನಿನ ಹೋಂಡಾ ಕಂಪನಿ ತಂದ ಎಲೆಕ್ಟ್ರೋ ಗೈರೋಕೇಟರ್ ಉಪಗ್ರಹದ ನೆರವಿಲ್ಲದೆ, ಕಾರಿನ ತಿರುವನ್ನು ಅಳೆಯುವ ಗೈರೊಸ್ಕೋಪ್ ಮತ್ತು ಕ್ರಮಿಸಿದ ದೂರ ಇವೆರಡರಿಂದಲೇ ಸ್ಥಾನವನ್ನು ಲೆಕ್ಕ ಹಾಕಿ, ಪಾರದರ್ಶಕ ಹಾಳೆಯ ನಕ್ಷೆಯ ಮೇಲೆ ತೋರಿಸುತ್ತಿತ್ತು. 1985ರ ಅಮೆರಿಕದ ಇಟ್ಯಾಕ್ ನ್ಯಾವಿಗೇಟರ್ ನಕ್ಷೆಗಳನ್ನು ಕ್ಯಾಸೆಟ್ಟುಗಳಲ್ಲಿಟ್ಟುಕೊಂಡು ದಿಕ್ಸೂಚಿ ಮತ್ತು ಗಾಲಿಗೆ ಜೋಡಿಸಿದ ಸಂವೇದಕಗಳನ್ನು ನಂಬಿತ್ತು. ಜಿಪಿಎಸ್ ಕಾರಿನೊಳಗೆ ಬಂದದ್ದು 1990ರಲ್ಲಿ, ಮಾಜ್ದಾ ಕಂಪನಿಯ ಯೂನೋಸ್ ಕಾಸ್ಮೊದಲ್ಲಿ. ಕಾರ್ಖಾನೆಯಲ್ಲೇ ಜೋಡಿಸಿದ ಒಳ್ಳೆಯ ನ್ಯಾವಿಗೇಶನ್ ವ್ಯವಸ್ಥೆಗಳು ಇವತ್ತಿಗೂ ಉಪಗ್ರಹದ ಜೊತೆಗೆ ಗಾಲಿಯ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ, ಸಂಕೇತ ತಪ್ಪಿದರೂ ಕೆಲಕಾಲ ದಾರಿ ತಪ್ಪುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹುದುಗಿದ ಟ್ಯಾಬಿಗೂ ಗಾಲಿಗೂ ಯಾವ ನಂಟೂ ಇಲ್ಲ. ಕಾರಿನ ಭಾಗದಂತೆ ಕಾಣುವ ಅದು ಕಾರಿನ ಬಗ್ಗೆ ಏನನ್ನೂ ಅರಿಯದು.

ಪರದೆ ಕೂರುವ ಎತ್ತರದ ಪ್ರಶ್ನೆ ಇನ್ನೂ ಗಂಭೀರವಾದುದು. ಗಂಟೆಗೆ 80 ಕಿ.ಮೀ. ವೇಗದಲ್ಲಿರುವ ಕಾರು ಎರಡು ಸೆಕೆಂಡಿನಲ್ಲಿ 44 ಮೀಟರ್ ಸಾಗುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತವು 2013ರಲ್ಲಿ ಕಾರು ತಯಾರಕರಿಗೆ ಕೊಟ್ಟ ಮಾರ್ಗಸೂಚಿಯಲ್ಲಿ, ಚಾಲಕ ರಸ್ತೆಯಿಂದ ಕಣ್ಣು ತೆಗೆಯಬೇಕಾದ ಯಾವ ಕೆಲಸವೂ ಒಂದು ನೋಟಕ್ಕೆ ಎರಡು ಸೆಕೆಂಡು, ಒಟ್ಟು ಹನ್ನೆರಡು ಸೆಕೆಂಡು ಮೀರಬಾರದೆಂದೂ, ಪರದೆಯು ನೋಟದ ನೇರದಿಂದ ಬಹಳ ಕೆಳಗಿರಬಾರದೆಂದೂ ಹೇಳಿದೆ. ಹಳೆಯ ಕಾರುಗಳಲ್ಲಿ ಸ್ಟೀರಿಯೊದ ಕಿಂಡಿ ಅನೇಕ ವೇಳೆ ಎ.ಸಿ. ವೆಂಟುಗಳ ಕೆಳಗೆ, ಗೇರಿನ ಹತ್ತಿರ ಇರುತ್ತದೆ. ಹಾಡು ಬದಲಿಸಲು ಕೈಗೆ ಎಟುಕಬೇಕಾದ ಜಾಗ ಅದು, ಕಣ್ಣು ನೆಡಬೇಕಾದ ಜಾಗವಲ್ಲ. ಅಲ್ಲಿ ನಕ್ಷೆಯನ್ನು ಕೂರಿಸಿದರೆ ಪ್ರತಿ ತಿರುವಿಗೂ ಚಾಲಕ ತಲೆ ಬಗ್ಗಿಸಬೇಕು. ಫೋನನ್ನು ಒಂದು ಅಗ್ಗದ ಹೋಲ್ಡರಿನಲ್ಲಿ ಮುಂಗಾಜಿನ ಅಂಚಿಗೆ ಎತ್ತಿ ಕೂರಿಸಿದವನ ಕಣ್ಣು ರಸ್ತೆಯಿಂದ ಹೆಚ್ಚು ದೂರ ಹೋಗುವುದಿಲ್ಲ. ಆರಿಂಚಿನ ಫೋನು ಹತ್ತಿಂಚಿನ ಪರದೆಯನ್ನು ಮೀರಿಸುವುದು ಇಲ್ಲಿಯೇ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯೂ ಕೈಯಲ್ಲಿ ಹಿಡಿಯುವ ಸಾಧನವನ್ನು ದಾರಿ ನೋಡಲು ಮಾತ್ರ, ಚಾಲಕನ ಗಮನಕ್ಕೆ ಭಂಗ ಬಾರದ ರೀತಿಯಲ್ಲಿ ಮಾತ್ರ ಬಳಸಬಹುದೆನ್ನುತ್ತದೆ. ಓಡುತ್ತಿರುವ ಕಾರಿನ ಹತ್ತಿಂಚಿನ ಪರದೆಯಲ್ಲಿ ಸಿನಿಮಾ ಹಾಡಿನ ದೃಶ್ಯ ನಡೆಯುತ್ತಿರುವುದಕ್ಕೆ ಈ ನಿಯಮದ ಆಶಯದೊಳಗೆ ಯಾವ ಸಮರ್ಥನೆಯೂ ಇಲ್ಲ. ಆ ಸೌಲಭ್ಯವನ್ನು ಚಾಲನೆಯಲ್ಲೂ ನಡೆಯುವಂತೆ ಬಿಚ್ಚಿಕೊಡುವುದು ಗಿರಾಕಿಗೆ ಮಾಡುವ ಉಪಕಾರವಲ್ಲ.

ಬಿಸಿಲಿನ ಮತ್ತು ವಿದ್ಯುತ್ತಿನ ವಿಚಾರವನ್ನು ಬೇಗ ಮುಗಿಸಬಹುದು. ಹೊಸೂರು ಎತ್ತರದ ತಂಪು ಊರಾದರೂ ಕೃಷ್ಣಗಿರಿಯ ಬೇಸಿಗೆ ಕಠಿಣವಾದುದು, ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡು 60 ಡಿಗ್ರಿ ದಾಟುವುದು ಸಾಮಾನ್ಯ. ಆ್ಯಪಲ್ ಕಂಪನಿ ತನ್ನ ಐಪ್ಯಾಡನ್ನು 35 ಡಿಗ್ರಿಯೊಳಗೆ ಬಳಸಬೇಕೆಂದೂ 45 ಡಿಗ್ರಿಯೊಳಗೆ ಇಡಬೇಕೆಂದೂ ಹೇಳುತ್ತದೆ. ಟ್ಯಾಬಿನೊಳಗಿನ ಲಿಥಿಯಂ ಬ್ಯಾಟರಿ ಇಂಥ ಶಾಖದಲ್ಲಿ ಉಬ್ಬುವ ಸಾಧ್ಯತೆಯಿದ್ದು, ಕಳಚಲಾಗದಂತೆ ಹುದುಗಿಸಿದ ಟ್ಯಾಬನ್ನು ನೆರಳಿಗೆ ಒಯ್ಯುವಂತಿಲ್ಲ. ಆಂಡ್ರಾಯ್ಡ್ ಸ್ಟೀರಿಯೊದಲ್ಲಿ ಇಂಥ ಬ್ಯಾಟರಿ ಇರುವುದಿಲ್ಲ. ಕಾರಿನ 12 ವೋಲ್ಟಿನ ವೈರಿಂಗಿನಿಂದ ಟ್ಯಾಬಿಗೆ ಬೇಕಾದ 5 ವೋಲ್ಟನ್ನು ತೆಗೆಯುವಾಗ ಫ್ಯೂಸ್ ಇಲ್ಲದೆ, ಕೀಲಿ ತಿರುಗಿಸಿದಾಗ ಮಾತ್ರ ಹರಿಯುವ ಲೈನನ್ನು ಬಿಟ್ಟು ನೇರ ಬ್ಯಾಟರಿಗೆ ಜೋಡಿಸಿದರೆ, ವಾರಗಟ್ಟಲೆ ನಿಂತ ಕಾರು ಸ್ಟಾರ್ಟ್ ಆಗದಿರುವುದು ಆಶ್ಚರ್ಯವಲ್ಲ.

ಈ ಜೋಡಣೆಯನ್ನು ಅಳೆಯಲು ದೂರದ ಮಾದರಿಗಳು ಬೇಕಾಗಿಲ್ಲ, ಏಕೆಂದರೆ ಪರದೆಯುಳ್ಳ ವಾಹನಗಳು ಇದೇ ಕೃಷ್ಣಗಿರಿ ಜಿಲ್ಲೆಯಲ್ಲಿ ತಯಾರಾಗುತ್ತಿವೆ. 2021ರಿಂದ ಹೊಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತಿರುವ ಏಥರ್ ಕಂಪನಿಯ 450ಎಕ್ಸ್ ವಿದ್ಯುತ್ ಸ್ಕೂಟರಿನ ಹ್ಯಾಂಡಲ್ ನಡುವೆ ಗೂಗಲ್ ಮ್ಯಾಪ್ಸ್ ತೋರಿಸುವ ಏಳಿಂಚಿನ ಸ್ಪರ್ಶಪರದೆಯಿದೆ. ಪೋಚಂಪಳ್ಳಿಯ ಬಳಿಯ ಓಲಾ ಕಾರ್ಖಾನೆಯ ಎಸ್1 ಪ್ರೊದಲ್ಲೂ ಏಳಿಂಚಿನ ಪರದೆಯಿದೆ. ಹೊಸೂರಿನದೇ ಟಿವಿಎಸ್ ಕಂಪನಿ 2020ರಲ್ಲಿ ತಂದ ಐಕ್ಯೂಬ್, ನಕ್ಷೆಯನ್ನು ಸವಾರನ ಫೋನಿಗೇ ಬಿಟ್ಟು ತಿರುವಿನ ಬಾಣವನ್ನಷ್ಟೇ ತನ್ನ ಪರದೆಯಲ್ಲಿ ತೋರಿಸಿತು. ಈ ಮೂರನೆಯ ವಿಧಾನದ ವಿವೇಕ ಹೆಚ್ಚು ಮನಸ್ಸಿಗೆ ಬರುವಂಥದು. ಲೆಕ್ಕ ಹಾಕುವ ಕೆಲಸ ಪ್ರತಿ ಕೆಲವು ವರ್ಷಕ್ಕೊಮ್ಮೆ ಬದಲಾಗುವ ಫೋನಿನದು, ತೋರಿಸುವ ಕೆಲಸ ವಾಹನದೊಡನೆ ಬಾಳುವ ಪರದೆಯದು. ಕಾರುಗಳಲ್ಲಿ ಆಂಡ್ರಾಯ್ಡ್ ಆಟೊ, ಕಾರ್‌ಪ್ಲೇಗಳು ಮಾಡುವುದೂ ಇದನ್ನೇ, ಮತ್ತು ಇವುಗಳಿಗೆ ಹೊಂದುವ ಸ್ಟೀರಿಯೊಗಳು ಟ್ಯಾಬಿನ ಬೆಲೆಯ ಆಸುಪಾಸಿನಲ್ಲೇ ಸಿಗುತ್ತವೆ.

ಹೊಸೂರು ಸೀಮೆಯ ಚಾಲಕರಿಗೆ ಪರದೆಗಿಂತ ಹೆಚ್ಚಿನ ಆಸರೆಯಾಗಬಲ್ಲದ್ದು ಧ್ವನಿ. ಕನ್ನಡ, ತೆಲುಗು, ತಮಿಳು ಮೂರನ್ನೂ ದಿನವೂ ಆಡುವ ಈ ಗಡಿನಾಡಿನಲ್ಲಿ ನಕ್ಷೆಯ ಧ್ವನಿಯನ್ನು ಇಂಗ್ಲಿಷಿನಲ್ಲೇ ಬಿಟ್ಟುಕೊಳ್ಳಬೇಕಾದ ಅಗತ್ಯ ಈಗಿಲ್ಲ, ಗೂಗಲ್ ಮ್ಯಾಪ್ಸ್ ಈ ಮೂರೂ ಭಾಷೆಗಳಲ್ಲಿ ದಾರಿ ಹೇಳುತ್ತದೆ. ತನ್ನ ಭಾಷೆಯಲ್ಲಿ ಕೇಳಿದ ‘ಎಡಕ್ಕೆ ತಿರುಗಿ’ ಎಂಬ ಮಾತಿಗೆ ಕಣ್ಣು ರಸ್ತೆಯಿಂದ ಸರಿಯಬೇಕಿಲ್ಲ. ಇದರ ಜೊತೆಗೆ, ಸಂಪರ್ಕ ಸಿಗದ ಕಾಡುದಾರಿಗಳಿಗಾಗಿ ನಕ್ಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳುವುದು ಅಗತ್ಯ. ಹಾಗೆ ಮಾಡಿದರೂ ನಕ್ಷೆಗೆ ಗೊತ್ತಿಲ್ಲದ ಸಂಗತಿಗಳು ಉಳಿಯುತ್ತವೆ. ಹೊಗೇನಕಲ್ಲಿಗೆ ಹೊರಟವರಿಗೆ ಕೃಷ್ಣಗಿರಿ, ಧರ್ಮಪುರಿ, ಪೆನ್ನಾಗರದ ಬಳಸು ದಾರಿಯೂ ಇದೆ, ಡೆಂಕಣಿಕೋಟೆ, ಅಂಚೆಟ್ಟಿಯ ಕಾಡಿನ ದಾರಿಯೂ ಇದೆ. ಎರಡನೆಯದು ಹತ್ತಿರವೆಂದು ಪರದೆ ಸೂಚಿಸಬಹುದು, ಆದರೆ ಆ ಭಾಗದ ಕಾಡು 2014ರಲ್ಲಿ ಘೋಷಿತವಾದ ಕಾವೇರಿ ಉತ್ತರ ವನ್ಯಜೀವಿಧಾಮಕ್ಕೆ ಸೇರಿದ್ದು, ಅಲ್ಲಿ ಕತ್ತಲಾದ ಮೇಲೆ ಆನೆಗಳು ರಸ್ತೆ ದಾಟುತ್ತವೆ ಎಂಬುದನ್ನು ಹೇಳಬಲ್ಲವರು ಅಂಚೆಟ್ಟಿಯ ಚಹಾದಂಗಡಿಯವರೇ ಹೊರತು ಯಾವ ಪರದೆಯೂ ಅಲ್ಲ.

ಆದ್ದರಿಂದ ಡ್ಯಾಶ್‌ಬೋರ್ಡನ್ನು ಕೊರೆದು ಟ್ಯಾಬನ್ನು ಹುದುಗಿಸುವ ಕೆಲಸ, ಅದನ್ನು ಮಾಡುವ ಕೈಗಳ ಕುಶಲತೆ ಎಷ್ಟೇ ಮೆಚ್ಚತಕ್ಕದ್ದಾಗಿದ್ದರೂ, ದಾರಿ ತೋರಿಸುವ ಉದ್ದೇಶಕ್ಕೆ ಸೋತ ಕೆಲಸವೆಂದೇ ಹೇಳಬೇಕು. ಟ್ಯಾಬನ್ನೇ ಬಳಸಬೇಕೆಂದಿದ್ದರೆ ಅದು ಕಳಚಿ ಒಯ್ಯಬಹುದಾದ ಹೋಲ್ಡರಿನಲ್ಲಿ, ಡ್ಯಾಶ್‌ಬೋರ್ಡಿನ ಮೇಲೆ, ಎಡಬದಿಯ ಏರ್‌ಬ್ಯಾಗ್ ತೆರೆದುಕೊಳ್ಳುವ ಜಾಗವನ್ನು ತಪ್ಪಿಸಿ ಇರಲಿ. ಕಿಂಡಿಯಲ್ಲೇ ಪರದೆ ಬೇಕೆನ್ನುವವರು ಫೋನಿಗೆ ಹೊಂದುವ ಸ್ಟೀರಿಯೊವನ್ನು ಕಪ್ಲರ್ ಮೂಲಕ, ಒಂದು ವೈರನ್ನೂ ಕತ್ತರಿಸದೆ ಹಾಕಿಸಿಕೊಳ್ಳಲಿ. ಆಂಡ್ರಾಯ್ಡ್ ಸ್ಟೀರಿಯೊವನ್ನೇ ಕೊಳ್ಳುವ ಗಿರಾಕಿ ಪರದೆಯ ಇಂಚುಗಳ ಬಗ್ಗೆ ಚೌಕಾಸಿ ಮಾಡುವ ಮೊದಲು, ಜಿಪಿಎಸ್ ಅಂಟೆನಾವನ್ನು ಸೀಟಿನ ಕೆಳಗೋ ಸ್ಟೀರಿಯೊದ ಹಿಂದೆಯೋ ತುರುಕದೆ ಮುಂಗಾಜಿನ ಬುಡದಲ್ಲಿ ಅಂಟಿಸಿಕೊಡುವಂತೆ ಅಂಗಡಿಯವರನ್ನು ಕೇಳಬೇಕು, ಮತ್ತು ಕೆಲಸ ಮುಗಿದ ಮೇಲೆ ಅದು ಅಲ್ಲಿದೆಯೇ ಎಂದು ಕಣ್ಣಾರೆ ನೋಡಿಯೇ ಹಣ ಕೊಡಬೇಕು.