ವಾಷಿಂಗ್ಟನ್ ಮನೆತನದ ತಪ್ಪಿದ ಒಂದು ತಲೆಮಾರು

ಜಾರ್ಜ್ ವಾಷಿಂಗ್ಟನ್ ಅಮೆರಿಕದ ಅಧ್ಯಕ್ಷನಾಗಿದ್ದಾಗ, 1791ರಲ್ಲಿ, ಇಂಗ್ಲೆಂಡಿನ ಲಾಂಛನ ಕಚೇರಿಯ ಮುಖ್ಯಸ್ಥ ಐಸಾಕ್ ಹರ್ಡ್ ಅವನಿಗೊಂದು ವಂಶಾವಳಿ ಕಳಿಸಿದ. ಸಲ್‌ಗ್ರೇವ್ ಎಂಬ ಊರಿನ ವಾಷಿಂಗ್ಟನ್ ಮನೆತನದ ಜಾನ್, ಲಾರೆನ್ಸ್ ಎಂಬ ಅಣ್ಣತಮ್ಮಂದಿರೇ ವರ್ಜೀನಿಯಾಕ್ಕೆ ಹೋಗಿ ನೆಲೆಸಿದ ಜಾರ್ಜ್‌ನ ಹಿರಿಯರು ಎಂಬುದು ಹರ್ಡ್‌ನ ಊಹೆ. ಹೆಸರುಗಳು ಕೂಡಿಬಂದಿದ್ದವು. ಮುಕ್ಕಾಲು ಶತಮಾನ ಅದೇ ನಡೆಯಿತು.

1866ರಲ್ಲಿ ವಂಶಾವಳಿ ಶೋಧಕ ಜೋಸೆಫ್ ಚೆಸ್ಟರ್ ಇದನ್ನು ಕೆಡವಿದ: ಆ ಜಾನ್ 'ಸರ್' ಪದವಿ ಪಡೆದು ಇಂಗ್ಲೆಂಡಿನಲ್ಲೇ ಬಾಳಿದವನು, ಆ ಲಾರೆನ್ಸ್ ಒಬ್ಬ ಪಾದ್ರಿ. ಸರಿಯಾದ ಕೊಂಡಿ ಸಿಕ್ಕಿದ್ದು ಲಂಡನ್ನಿನಲ್ಲಿ ಹಳೆಯ ಉಯಿಲುಗಳನ್ನು ಒಂದೊಂದಾಗಿ ಓದುತ್ತ ಕುಳಿತ ಹೆನ್ರಿ ವಾಟರ್ಸ್‌ಗೆ.

ಟ್ರಿಂಗ್ ಎಂಬ ಊರಿನ ಆಂಡ್ರ್ಯೂ ನೋಲಿಂಗ್ 1650ರಲ್ಲಿ ಬರೆಸಿದ ಉಯಿಲು ಅದು. ಚರ್ಚಿನಲ್ಲಿ ತಾನು ಧರ್ಮಪಿತನಾಗಿ ನಿಂತಿದ್ದ ಹುಡುಗ ಲಾರೆನ್ಸ್ ವಾಷಿಂಗ್ಟನ್‌ಗೆ ಅವನು ಜಮೀನು ಬಿಟ್ಟಿದ್ದ. ಹುಡುಗನ ತಾಯಿ, ಆ ಪಾದ್ರಿಯ ಹೆಂಡತಿ ಆಂಫಿಲಿಸ್‌ಗೂ ಅವಳ ಉಳಿದ ಮಕ್ಕಳಿಗೂ ಹಣ. ಆ ಮಕ್ಕಳಲ್ಲಿ ಒಬ್ಬ ಜಾನ್, ಒಬ್ಬಳು ಮಾರ್ಥಾ. ಸಮುದ್ರದಾಚೆ ವರ್ಜೀನಿಯಾದಲ್ಲಿ ಜಾನ್ ಬರೆದಿಟ್ಟ ಉಯಿಲಿನಲ್ಲೂ ತಂಗಿ ಮಾರ್ಥಾ ಇದ್ದಾಳೆ! ಹರ್ಡ್ ಮನೆತನವನ್ನು ಸರಿಯಾಗಿ ಹಿಡಿದಿದ್ದ, ತಲೆಮಾರನ್ನು ತಪ್ಪಿದ್ದ. ಹಡಗು ಹತ್ತಿದ್ದು 1643ರಲ್ಲಿ ಪರ್ಲಿ ಚರ್ಚಿನ ಹುದ್ದೆ ಕಳೆದುಕೊಂಡ ಆ ಪಾದ್ರಿಯಲ್ಲ, ಅವನ ಮಕ್ಕಳು. 1889ರಲ್ಲಿ ಪ್ರಕಟವಾದ ವಾಟರ್ಸ್‌ನ ಪ್ರಬಂಧ ಇಂದಿಗೂ ಮಾದರಿಯಾಗಿ ನಿಲ್ಲುವುದು ಈ ತಾಳ್ಮೆಯಿಂದ. ಲಾಂಛನ ಮರೆಮಾಡಿದ್ದನ್ನು ಒಂದು ಸಾಧಾರಣ ಕಾಗದ ತೋರಿಸಿಕೊಟ್ಟಿತು.

ಆದರೆ ಇಂಥ ಶೋಧದ ಕಣ್ಣು ಬಂದರಿನಾಚೆಗೆ ಮಂಕಾಗುತ್ತದೆ, ಅದನ್ನು ಹೇಳಲೇಬೇಕು. 1657ರಲ್ಲಿ ಜಾನ್ ಬಂದ ಹಡಗು ಪೊಟೊಮ್ಯಾಕ್ ನದಿಯಲ್ಲಿ ನೆಲ ಹತ್ತಿ ನಿಂತಿತು. ಅವನು ಅಲ್ಲೇ ಉಳಿದು ಆನ್ ಪೋಪ್‌ಳನ್ನು ಮದುವೆಯಾದ. ಮಾವ 700 ಎಕರೆ ಕೊಟ್ಟ. 1674ರಲ್ಲಿ ನಿಕೊಲಸ್ ಸ್ಪೆನ್ಸರ್ ಜೊತೆಗೂಡಿ ಇನ್ನೂ 5,000 ಎಕರೆ ಪಡೆದ. ಮುಂದೆ ಜಾರ್ಜ್‌ನ ಮನೆ ಮೌಂಟ್ ವರ್ನನ್ ಎದ್ದದ್ದು ಆ ನೆಲದಲ್ಲೇ. ವಸಾಹತಿಗೆ ಕರೆತಂದ ತಲೆಯೊಂದಕ್ಕೆ 50 ಎಕರೆ ಎಂಬುದು ಆಗಿನ ಕಟ್ಟಳೆ, ಅಂದರೆ 5,000 ಎಕರೆಗೆ ನೂರು ಜನ. ಜಾನ್‌ನ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಎಣಿಸುವ ವಂಶಾವಳಿಗೆ ಈ ನೂರು ಮಂದಿ ಬರೀ ಎಕರೆಯ ಲೆಕ್ಕ. ಮೊದಲಿನಿಂದ ಆ ದಡದಲ್ಲಿದ್ದ ಡೋಗ್ ಜನ ಆ ಲೆಕ್ಕದಲ್ಲೂ ಇಲ್ಲ.

ವಾಟರ್ಸ್‌ನ ಕ್ರಮವನ್ನೇ ಹೀಗೆ ವಂಶಾವಳಿಯಿಂದ ಹೊರಗುಳಿದವರಿಗೂ ಹಚ್ಚಬಹುದು. 1799ರಲ್ಲಿ ಜಾರ್ಜ್ ವಾಷಿಂಗ್ಟನ್ ತನ್ನ ತೋಟಗಳಲ್ಲಿ ದುಡಿಯುತ್ತಿದ್ದ 317 ಗುಲಾಮರ ಪಟ್ಟಿಯನ್ನು ಮಾಡಿದ. ಹೆಸರಿನ ಎದುರು ಗಂಡ ಯಾರು, ಹೆಂಡತಿ ಯಾರು, ಯಾವ ತೋಟದಲ್ಲಿದ್ದಾರೆ ಎಂಬುದನ್ನೂ ಬರೆದಿಟ್ಟಿದ್ದಾನೆ.