ರೈಫಲ್ ಪೆಟ್ಟಿಗೆ: ಹೊರಗೆ ಗಟ್ಟಿ, ಒಳಗೆ ಸಡಿಲ

10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಗುರಿಫಲಕದಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಬರೀ ಅರ್ಧ ಮಿಲಿಮೀಟರ್. ಆ ಚುಕ್ಕೆಗಾಗಿ ತಿಂಗಳುಗಟ್ಟಲೆ ಕೂತು, ಕೆನ್ನೆ ತಾಗುವ ಜಾಗ, ಭುಜಕ್ಕೆ ಒತ್ತುವ ತಟ್ಟೆ (ಬಟ್ ಪ್ಲೇಟ್), ಗುರಿಕಣ್ಣಿನ ಒಂದೊಂದು ಕ್ಲಿಕ್ ಎಲ್ಲವನ್ನೂ ಹದಗೊಳಿಸಿದ ರೈಫಲನ್ನು ಕೊನೆಗೆ ವಿಮಾನ ನಿಲ್ದಾಣದ ಬೆಲ್ಟಿನ ಮೇಲೆ ಬಿಟ್ಟು ನಾವು ಮುಂದೆ ಹೋಗುತ್ತೇವೆ. ಅಲ್ಲಿಂದ ಅದು ಗಾಡಿಗೆ ಬೀಳುತ್ತದೆ, ಗಾಡಿಯಿಂದ ವಿಮಾನದ ಹೊಟ್ಟೆಗೆ ಸೇರುತ್ತದೆ, ಅದರ ಮೇಲೆ ಇನ್ನೊಬ್ಬರ ಸೂಟ್‌ಕೇಸುಗಳು ಬೀಳುತ್ತವೆ. ಆ ಮೂರು ನಾಲ್ಕು ತಾಸು ರೈಫಲಿಗೆ ಪೆಟ್ಟಿಗೆಯೊಂದೇ ದಿಕ್ಕು. ಇಷ್ಟು ಗೊತ್ತಿದ್ದೂ ನಮ್ಮ ಶೂಟರ್‌ಗಳು ಎಲ್ಲಕ್ಕಿಂತ ಕೊನೆಗೆ ಯೋಚಿಸುವುದು ಪೆಟ್ಟಿಗೆಯ ಬಗ್ಗೆ. ರೈಫಲ್, ಜಾಕೆಟ್, ಬೂಟು ಎಂದು ಲಕ್ಷಗಟ್ಟಲೆ ಸುರಿದ ಮೇಲೆ ಉಳಿದ ಹಣದಲ್ಲಿ ಸಿಕ್ಕಿದ್ದನ್ನು ಕೊಳ್ಳುತ್ತಾರೆ. ಇಲ್ಲವೇ, ಹಣ ಇರುವವರು ಹೆಸರು ಕೇಳಿ ಮಾರುಕಟ್ಟೆಯಲ್ಲಿರುವ ಅತಿ ಭಾರದ ಪೆಟ್ಟಿಗೆಯನ್ನೇ ತರಿಸುತ್ತಾರೆ. ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಎರಡನೆಯ ತಪ್ಪಿನ ಬಗ್ಗೆ ಯಾರೂ ಮಾತಾಡುವುದಿಲ್ಲವಾದ್ದರಿಂದ ಅದರಿಂದಲೇ ಶುರು ಮಾಡುತ್ತೇನೆ.

ಉದ್ದದ ಬಂದೂಕುಗಳ ಪೆಟ್ಟಿಗೆ ಎಂದರೆ ಪೆಲಿಕನ್ 1750 ಎಂದೇ ಬಹಳ ಜನ ಹೇಳುತ್ತಾರೆ. 1976ರಲ್ಲಿ ಕ್ಯಾಲಿಫೋರ್ನಿಯಾದ ಟೊರೆನ್ಸ್‌ನಲ್ಲಿ ಶುರುವಾದ ಕಂಪನಿ ಪೆಲಿಕನ್. ಅದರ ಪೆಟ್ಟಿಗೆಗಳಿಗೆ ಇರುವ ಹೆಸರು ಜಾಹೀರಾತಿನಿಂದಷ್ಟೇ ಬಂದದ್ದಲ್ಲ. ದಪ್ಪ ಪ್ಲಾಸ್ಟಿಕ್ಕಿನ ಚಿಪ್ಪು, ಮುಚ್ಚಳದ ಸುತ್ತ ರಬ್ಬರಿನ ಪಟ್ಟಿ, ಬೀಗ ಹಾಕಲು ಕೊರೆದ ತೂತುಗಳು, ಒಂದು ತುದಿಯಲ್ಲಿ ಚಕ್ರ. ಜೊತೆಗೆ ಗಾಳಿಯ ಒತ್ತಡ ಸರಿದೂಗಿಸುವ ಪುಟ್ಟ ಕವಾಟ ಇದೆ. ನೋಡಲು ಸಣ್ಣದಾದರೂ ವಿಮಾನದಲ್ಲಿ ಹೋಗುವ ಪೆಟ್ಟಿಗೆಗೆ ಈ ಕವಾಟ ಬೇಕೇ ಬೇಕು. ಗಾಳಿಯಾಡದಂತೆ ಮುಚ್ಚಿದ ಪೆಟ್ಟಿಗೆ ಮೇಲೆ ಹೋದಾಗ ಒಳಗಿನ ಗಾಳಿ ಸ್ವಲ್ಪ ಹೊರಗೆ ನುಸುಳುತ್ತದೆ. ಕೆಳಗಿಳಿದ ಮೇಲೆ ಹೊರಗಿನ ಒತ್ತಡ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ. ಕವಾಟವಿಲ್ಲದ ಪೆಟ್ಟಿಗೆಯ ಮುಚ್ಚಳವನ್ನು ಕೀಳಲು ಕೌಂಟರಿನ ಮುಂದೆ ಮಂಡಿಯೂರಿ ಗುದ್ದಾಡುವವರನ್ನು ನೋಡಿದ್ದೇನೆ.

ಈ ಗುಣಗಳನ್ನೆಲ್ಲ ಒಪ್ಪಿಕೊಂಡ ಮೇಲೆ ತಕ್ಕಡಿಯ ಮಾತು. 1750ರ ಹೊರ ಅಳತೆ ಸುಮಾರು 135 ಸೆಂ.ಮೀ. ಉದ್ದ, 41 ಅಗಲ, 15ರ ಮೇಲೆ ಎತ್ತರ. ಮೂರನ್ನೂ ಕೂಡಿದರೆ 190 ದಾಟುತ್ತದೆ. ವಿಮಾನ ಕಂಪನಿಗಳು ಸಾಮಾನ್ಯ ಲಗೇಜಿಗೆ ಇಟ್ಟಿರುವ ಮಿತಿ ಮೂರೂ ಅಳತೆ ಸೇರಿ 158 ಸೆಂ.ಮೀ. ಅಂದರೆ ಕೊಂಡ ದಿನದಿಂದಲೇ ಅದು ದೊಡ್ಡ ಲಗೇಜು. ಫೋಮ್ ಸೇರಿ ಖಾಲಿ ಪೆಟ್ಟಿಗೆಯೇ ಸುಮಾರು 11 ಕೆ.ಜಿ. ತೂಗುತ್ತದೆ. ಏರ್ ರೈಫಲಿಗೆ ನಿಯಮದಲ್ಲಿರುವ ಗರಿಷ್ಠ ತೂಕ 5.5 ಕೆ.ಜಿ. ಎರಡೂ ಸೇರಿದರೆ ದೇಶದೊಳಗಿನ ಸಾಧಾರಣ ಟಿಕೆಟಿಗೆ ಸಿಗುವ 15 ಕೆ.ಜಿ. ಮುಗಿದೇ ಹೋಯಿತು. ಕ್ಯಾನ್ವಾಸಿನ ದಪ್ಪ ಜಾಕೆಟ್, ಪ್ಯಾಂಟು, ಬೂಟು, ಸ್ಟ್ಯಾಂಡು ಇನ್ನೂ ಬಾಕಿ. ಬೆಂಗಳೂರಿನಿಂದ ದೆಹಲಿಯ ಕರ್ಣಿ ಸಿಂಗ್ ರೇಂಜಿಗೋ ಭೋಪಾಲಿನ ಅಕಾಡೆಮಿಗೋ ಹೋಗುವ ಕಾಲೇಜು ಹುಡುಗಿ ಪ್ರತಿ ಸಲ ಹೆಚ್ಚುವರಿ ತೂಕಕ್ಕೆ ದುಡ್ಡು ಕಟ್ಟಬೇಕು. ಆಯುಧ ಒಯ್ಯುವುದಕ್ಕೆ ಕೆಲವು ಕಂಪನಿಗಳು ಕೇಳುವ ಶುಲ್ಕ ಬೇರೆ.

ಇನ್ನೊಂದು ಕೊರತೆ ಒಳಗಿನದು. ಅದರ ಒಳ ಎತ್ತರ 13 ಸೆಂ.ಮೀ. ಚಿಲ್ಲರೆ, ಅದರಲ್ಲೇ ಮೇಲಿನ ಫೋಮೂ ಕೆಳಗಿನ ಫೋಮೂ ಸೇರಬೇಕು. ಬೇಟೆಯ ರೈಫಲಿಗೆ, ಟೆಲಿಸ್ಕೋಪ್ ಇದ್ದರೂ, ಇದು ಸಾಕು. ಸ್ಪರ್ಧೆಯ ರೈಫಲಿನ ಆಕಾರವೇ ಬೇರೆ. ಕೆನ್ನೆಪಟ್ಟಿ ಒಂದು ಕಡೆ ಉಬ್ಬಿರುತ್ತದೆ, ಬಟ್ ಪ್ಲೇಟ್ ಪಕ್ಕಕ್ಕೆ ವಾಲಿರುತ್ತದೆ, ಎಳೆಯುವ ಲಿವರ್ ಹೊರಗೆ ಚಾಚಿರುತ್ತದೆ. ಅದನ್ನು ಹಾಗೇ ಮಲಗಿಸಿ ಮುಚ್ಚಳ ಒತ್ತಿದರೆ ಚಿಲಕವೇನೋ ಬೀಳುತ್ತದೆ. ಆದರೆ ಆ ಒತ್ತಡ ಪೂರ್ತಿ ಕೂರುವುದು ಅತಿ ಎತ್ತರದ ಭಾಗದ ಮೇಲೆ, ಅಂದರೆ ಬಹುತೇಕ ಗುರಿಕಣ್ಣಿನ ಮೇಲೆ. ಹೊರಗಿನಿಂದ ಆನೆ ತುಳಿದರೂ ಮುರಿಯದ ಪೆಟ್ಟಿಗೆ ತನ್ನ ಮುಚ್ಚಳದಿಂದಲೇ ರೈಫಲನ್ನು ಹಿಂಸಿಸುತ್ತದೆ.

ಈ ಗುರಿಕಣ್ಣು, ಅಂದರೆ ಸೈಟ್, ಎಷ್ಟು ನಾಜೂಕು ಎಂಬುದಕ್ಕೆ ಒಂದು ಉದಾಹರಣೆ ನಮ್ಮ ದೇಶದ್ದೇ ಇದೆ. 2008ರಲ್ಲಿ ಬೀಜಿಂಗಿನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೆ ಹೋದಾಗ ಸ್ಪರ್ಧೆಯ ದಿನವೇ ರೈಫಲ್ ಬಿದ್ದು ಅದರ ಸೈಟ್ ಮುರಿಯಿತು. ಬೇರೆ ಸೈಟ್ ಹಾಕಿಕೊಂಡು ಆಡಿದ ಅವರು ನಾಲ್ಕನೆಯವರಾದರು, ಪದಕ ಒಂದು ಮೆಟ್ಟಿಲಲ್ಲಿ ತಪ್ಪಿತು. ಅದು ವಿಮಾನದಲ್ಲಿ ಆದದ್ದಲ್ಲ. ಆದರೆ ನೆಲಕ್ಕೆ ಬಿದ್ದ ಒಂದು ಪೆಟ್ಟು ಅಷ್ಟು ಮಾಡಬಲ್ಲದು ಎಂದಾದರೆ ಲಗೇಜ್ ಬೆಲ್ಟಿನ ಕೊನೆಯ ಜಾರುಬಂಡಿಯಲ್ಲಿ ಬೀಳುವ ಪೆಟ್ಟಿನ ಬಗ್ಗೆ ಯೋಚಿಸಬೇಕು. ಸೈಟ್‌ಗಳನ್ನು ಬಿಚ್ಚಿ, ಅವುಗಳದೇ ಡಬ್ಬಿಯಲ್ಲಿಟ್ಟು ತುಂಬುವುದೇ ಸರಿಯಾದ ಕ್ರಮ. ಬಿಚ್ಚಿದರೆ ಝೀರೊ, ಅಂದರೆ ಸೈಟನ್ನು ಗುರಿಗೆ ಹೊಂದಿಸಿದ ಲೆಕ್ಕ, ಹೋಗುತ್ತದೆ ಎಂದು ಹುಡುಗರು ಹೆದರುತ್ತಾರೆ. ರೈಲಿನ ಮೇಲೆ ಸೈಟ್ ಕೂತ ಜಾಗಕ್ಕೆ ತೆಳುವಾಗಿ ಒಂದು ಗೆರೆ ಎಳೆದು, ಬಟ್ ಪ್ಲೇಟಿನ ಅಳತೆಗಳನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಅಭ್ಯಾಸದ ಮೊದಲ ಕೆಲವು ಗುಂಡುಗಳಲ್ಲೇ ಝೀರೊ ಮರಳುತ್ತದೆ. ಬಗ್ಗಿದ ಸೈಟ್ ಮಾತ್ರ ಎಷ್ಟು ಗುಂಡು ಹೊಡೆದರೂ ನೆಟ್ಟಗಾಗುವುದಿಲ್ಲ.

ಹಾಗಾಗಿ ಪೆಟ್ಟಿಗೆಯನ್ನು ಅಳೆಯಬೇಕಾದದ್ದು ಒಳಗಿನಿಂದ. ಫೋಮಿನ ವಿಷಯದಲ್ಲಿ ನಾನು ಹಟಮಾರಿ. ಅಗ್ಗದ ಪೆಟ್ಟಿಗೆಗಳಲ್ಲಿ ಬರುವ ಮೊಟ್ಟೆ ಟ್ರೇಯಂಥ ಉಬ್ಬುತಗ್ಗಿನ ಫೋಮ್ ಅಂಗಡಿಯಲ್ಲಿ ಮೆತ್ತಗೆ, ಹಿತವಾಗಿ ಕಾಣುತ್ತದೆ. ಕೆಲವೇ ಪ್ರಯಾಣಗಳಲ್ಲಿ ಅದು ಕುಸಿದು, ರೈಫಲ್ ಒಳಗೆ ಆಚೀಚೆ ಜಾರಲು ಶುರುವಾಗುತ್ತದೆ. ಸಣ್ಣ ಚೌಕಗಳಾಗಿ ಕಿತ್ತು ಆಕಾರ ಮಾಡಿಕೊಳ್ಳುವ ಫೋಮ್ ಅದಕ್ಕಿಂತ ವಾಸಿ, ಆದರೆ ನಳಿಗೆಯ ಪಕ್ಕ ಒಂದೇ ಚೌಕದ ಅಗಲ ಉಳಿದಲ್ಲಿ ಹರಿದು ಬರುತ್ತದೆ. ಎರಡರ ಇನ್ನೊಂದು ದೋಷ ನೀರು ಕುಡಿಯುವುದು. ತೆರೆದ ರಂಧ್ರಗಳ ಫೋಮ್ ಮಂಗಳೂರಿನ ಸೆಕೆಯನ್ನೂ ಮಡಿಕೇರಿಯ ಮಳೆಗಾಲದ ತೇವವನ್ನೂ ಹೀರಿ ಇಟ್ಟುಕೊಳ್ಳುತ್ತದೆ. ರೈಫಲನ್ನು ತಿಂಗಳುಗಟ್ಟಲೆ ಅದರಲ್ಲೇ ಬಿಟ್ಟರೆ ನಳಿಗೆಯ ಮೇಲೆ ಫೋಮ್ ತಾಗಿದ ಜಾಗದಲ್ಲೇ ತುಕ್ಕಿನ ಚುಕ್ಕೆಗಳು ಸಾಲಾಗಿ ಏಳುತ್ತವೆ. ಮುಚ್ಚಿದ ರಂಧ್ರಗಳ ಗಟ್ಟಿ ಪಾಲಿಎಥಿಲೀನ್ ಫೋಮ್ ನೀರು ಕುಡಿಯುವುದಿಲ್ಲ, ಕುಸಿಯುವುದೂ ಇಲ್ಲ. ಪ್ಯಾಕಿಂಗ್ ಸಾಮಾನು ಮಾರುವವರ ಬಳಿ ಹಾಳೆಯಾಗಿ ಸಿಗುತ್ತದೆ. ರೈಫಲನ್ನು ಅದರ ಮೇಲೆ ಮಲಗಿಸಿ ಪೆನ್ನಿನಿಂದ ಸುತ್ತ ಗೆರೆ ಎಳೆದು, ಉದ್ದ ಅಲಗಿನ ಚಾಕುವನ್ನು ನೆಟ್ಟಗೆ ಹಿಡಿದು, ಗೆರೆಗಿಂತ ಒಂದೆರಡು ಮಿಲಿಮೀಟರ್ ಒಳಗೇ ಕೊಯ್ಯಬೇಕು. ರೈಫಲ್ ಒತ್ತಿದರೆ ಮಾತ್ರ ಇಳಿಯಬೇಕು. ಟ್ರಿಗರಿನ ಸುತ್ತ ಮಾತ್ರ ಬೆರಳು ಆಡುವಷ್ಟು ಜಾಗ ಬಿಡಬೇಕು. ಮುಚ್ಚಳ ಹಾಕಿ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕಿವಿಗೊಟ್ಟು ಅಲ್ಲಾಡಿಸಿದಾಗ ಒಳಗಿನಿಂದ ಸದ್ದು ಬಂದರೆ ಕೆಲಸ ಮುಗಿದಿಲ್ಲ. ಒಂದು ಸಂಜೆಯ ಈ ಕೆಲಸದಿಂದ ಮಧ್ಯಮ ಬೆಲೆಯ ಪೆಟ್ಟಿಗೆ, ಬಂದ ಫೋಮಿನಲ್ಲೇ ಬಿಟ್ಟ ದುಬಾರಿ ಪೆಟ್ಟಿಗೆಯನ್ನು ಮೀರಿಸುತ್ತದೆ.

ಬೀಗದ ಬಗ್ಗೆ ಗೊಂದಲ ಬಹಳ. ಅಮೆರಿಕದ ನಿಯಮ ಸ್ಪಷ್ಟವಾಗಿದೆ: ಬಂದೂಕು ಖಾಲಿಯಿರಬೇಕು, ಗಟ್ಟಿ ಪೆಟ್ಟಿಗೆಯಲ್ಲಿ ಬೀಗ ಹಾಕಿರಬೇಕು, ಚೆಕ್-ಇನ್ ಕೌಂಟರಿನಲ್ಲಿ ಹೇಳಬೇಕು, ಕೀಲಿ ಪ್ರಯಾಣಿಕರ ಹತ್ತಿರವೇ ಇರಬೇಕು. ಸುಲಭವಾಗಿ ಎಳೆದು ಬಾಯಿ ತೆರೆಸಬಹುದಾದ ಪೆಟ್ಟಿಗೆಯನ್ನು ಅಲ್ಲಿ ಒಪ್ಪುವುದಿಲ್ಲ. ಇದನ್ನು ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಬೀಗದ ತೂತುಗಳಲ್ಲಿ ಬೀಗ ಹಾಕಿ, ಉಳಿದ ಚಿಲಕಗಳನ್ನೆಲ್ಲ ಬಿಚ್ಚಿ, ಮುಚ್ಚಳದ ಮೂಲೆಗೆ ಬೆರಳು ಹಾಕಿ ಮೇಲೆತ್ತಬೇಕು. ಅಗ್ಗದ ಪ್ಲಾಸ್ಟಿಕ್ ಪೆಟ್ಟಿಗೆ ಅಂಗೈ ತೂರುವಷ್ಟು ಬಾಯಿ ಬಿಡುತ್ತದೆ; ಬೋಲ್ಟನ್ನೋ ಸೈಟನ್ನೋ ಬೀಗ ಮುಟ್ಟದೆಯೇ ಹೊರಗೆಳೆಯಬಹುದು. ಈ ಪರೀಕ್ಷೆಯಲ್ಲಿ ಸೋತ ಪೆಟ್ಟಿಗೆಯನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಸೂಟ್‌ಕೇಸಿಗೆ ಹಾಕುವ, ಅಧಿಕಾರಿಗಳ ಬಳಿ ಮಾಸ್ಟರ್ ಕೀಲಿಯಿರುವ ಪ್ರಯಾಣದ ಬೀಗಗಳೂ ಬೇಡ. ಆ ಮಾಸ್ಟರ್ ಕೀಲಿಗಳ ಚಿತ್ರ ಪತ್ರಿಕೆಯಲ್ಲಿ ಅಚ್ಚಾಗಿ, 2015ರಲ್ಲಿ ಅವನ್ನು ಮುದ್ರಿಸಿಕೊಳ್ಳುವ 3ಡಿ ನಕ್ಷೆಗಳೇ ಜಗತ್ತಿಗೆಲ್ಲ ಹಂಚಿಹೋದವು. ನಮ್ಮ ಪೇಟೆಯಲ್ಲಿ ಸಿಗುವ ಒಳ್ಳೆಯ ಹಿತ್ತಾಳೆ ಬೀಗ ಎಲ್ಲ ತೂತಿಗೂ ಒಂದೊಂದು, ಎಲ್ಲಕ್ಕೂ ಒಂದೇ ಕೀಲಿ, ಆ ಕೀಲಿ ಜೇಬಿನಲ್ಲಿ. ಇಷ್ಟು ಸಾಕು.

ಪೆಟ್ಟಿಗೆಯ ಮೇಲೆ ಬಂದೂಕು ಕಂಪನಿಗಳ ಸ್ಟಿಕರ್ ಅಂಟಿಸುವ ಖಯಾಲಿಯನ್ನೂ ಬಿಡಬೇಕು. ಒಳಗೆ ಬೆಲೆಬಾಳುವ ಆಯುಧವಿದೆ ಎಂದು ದಾರಿಹೋಕರಿಗೆಲ್ಲ ಸಾರುವ ಅಗತ್ಯವಿಲ್ಲ.

ತುಂಬುವ ರೂಢಿಯಲ್ಲಿ ನನಗೆ ಅತಿ ಹೆಚ್ಚು ಬೇಸರ ತರುವುದು ಸಂದುಗೊಂದಿಗೆಲ್ಲ ಬಟ್ಟೆ, ಬೂಟು, ಪೆಲೆಟ್ ಡಬ್ಬಿ ತುರುಕುವುದು. ಲಗೇಜಿನ ಲೆಕ್ಕ ಉಳಿಯುತ್ತದೆ ಎಂದು ಹಿರಿಯರೇ ಹೇಳಿಕೊಡುತ್ತಾರೆ. ಸೀಸದ ಪೆಲೆಟ್ ಡಬ್ಬಿ ಸಣ್ಣದಾದರೂ ಭಾರ; ಫೋಮಿನಿಂದ ತಪ್ಪಿಸಿಕೊಂಡರೆ ಪ್ರಯಾಣದುದ್ದಕ್ಕೂ ಸ್ಟಾಕನ್ನು ಬಡಿಯುತ್ತಲೇ ಇರುತ್ತದೆ. ರೈಫಲ್ ಪೆಟ್ಟಿಗೆಯಲ್ಲಿ ರೈಫಲಿಗೆ ಸೇರಿದ್ದು ಮಾತ್ರ ಇರಲಿ.

ಏರ್ ರೈಫಲಿನ ಸಿಲಿಂಡರ್ ಪ್ರತ್ಯೇಕವಾಗಿ ಗಮನ ಕೊಡಬೇಕಾದ ವಸ್ತು. 200 ಬಾರ್ ಒತ್ತಡದ ಗಾಳಿ ತುಂಬಿಕೊಂಡು ಅದು ವಿಮಾನ ಹತ್ತುವಂತಿಲ್ಲ. ಮನೆಯಲ್ಲೇ ಬಿಚ್ಚಿ, ಗಾಳಿ ಪೂರ್ತಿ ಹೊರಬಿಟ್ಟು, ಮೀಟರಿನ ಮುಳ್ಳು ಸೊನ್ನೆಗೆ ಬಂದದ್ದನ್ನು ನೋಡಿ, ಫೋಮಿನಲ್ಲಿ ಅದಕ್ಕೆಂದೇ ಕೊಯ್ದ ಜಾಗದಲ್ಲಿ ಮುಳ್ಳು ಮೇಲ್ಮುಖವಾಗಿ ಕಾಣುವಂತೆ ಇಡಬೇಕು. ಪೆಟ್ಟಿಗೆ ತೆರೆಸುವ ಸಿಬ್ಬಂದಿಗೆ ಮೊದಲು ಕಾಣುವುದು ಆ ಸೊನ್ನೆಯಾದರೆ ಅರ್ಧ ಪ್ರಶ್ನೆಗಳು ಅಲ್ಲೇ ಮುಗಿಯುತ್ತವೆ. ಸಿಲಿಂಡರಿನ ಮೇಲೆ ಅಚ್ಚೊತ್ತಿದ ಅವಧಿಯನ್ನೂ ಒಮ್ಮೆ ಓದಿ. ಹೆಚ್ಚೆಂದರೆ ಹತ್ತು ವರ್ಷ, ಅದು ಮುಗಿದಿದ್ದರೆ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಬಳಸುವಂತಿಲ್ಲ. ಪಾಯಿಂಟ್ ಟೂಟೂ ರೈಫಲಿನವರು ಬೋಲ್ಟ್ ತೆಗೆದು ಬೇರೆ ಗೂಡಿನಲ್ಲಿಟ್ಟರೆ ನಳಿಗೆ ಖಾಲಿಯಿರುವುದು ಆ ಬದಿಯಿಂದ ಈ ಬದಿಗೆ ಕಾಣುತ್ತದೆ. ಕಾಡತೂಸು ರೈಫಲಿನ ಜೊತೆಗಲ್ಲ, ಬೇರೆಯಾಗಿ, ಅದರ ಮೂಲ ಡಬ್ಬಿಗಳಲ್ಲೇ ಹೋಗಬೇಕು. ಅಂತರರಾಷ್ಟ್ರೀಯ ವಿಮಾನಯಾನ ನಿಯಮದಲ್ಲಿ ಒಬ್ಬರಿಗೆ ಪ್ಯಾಕಿಂಗ್ ಸೇರಿ 5 ಕೆ.ಜಿ.ಗಿಂತ ಹೆಚ್ಚಿಲ್ಲ, ಇಬ್ಬರ ಪಾಲು ಒಂದೇ ಚೀಲದಲ್ಲಿ ಸೇರಿಸುವಂತಿಲ್ಲ. ಕಂಪನಿಗಳು ಇದಕ್ಕಿಂತ ಬಿಗಿ ಮಾಡಬಹುದು, ಟಿಕೆಟ್ ತೆಗೆಯುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಕಾಗದಪತ್ರ ಪೆಟ್ಟಿಗೆಯ ಒಳಗಲ್ಲ, ಕೈಯಲ್ಲಿರಬೇಕು. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ ಮೀರದ, .177 ಅಳತೆಯ ಏರ್ ರೈಫಲಿಗೆ ಪರವಾನಗಿ ಬೇಡ. ಸ್ಪರ್ಧೆಯ ರೈಫಲುಗಳು ಆ ಮಿತಿಗಿಂತ ಎಷ್ಟೋ ಕೆಳಗಿವೆ. ಕೊಡಗಿನ ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಇರುವ ಬಂದೂಕು ಪರವಾನಗಿಯ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಆದರೆ ಇವೆಲ್ಲ ಪರವಾನಗಿಯ ಮಾತು. ವಿಮಾನಕ್ಕೆ ಯಾವ ರೈಫಲೂ ಆಯುಧವೇ. ಹೇಳಲೇಬೇಕು, ಕ್ಯಾಬಿನ್ನಿಗೆ ಒಯ್ಯುವಂತಿಲ್ಲ. ಕೌಂಟರಿನಲ್ಲಿರುವ ಹುಡುಗ ಏರ್ ರೈಫಲನ್ನು ಮೊದಲ ಸಲ ನೋಡುತ್ತಿರಬಹುದು. ಅವನಿಗೆ ತೋರಿಸಲು ಸ್ಪರ್ಧೆಯ ಪ್ರವೇಶಪತ್ರ, ರೈಫಲ್ ಸಂಘದ ಗುರುತಿನ ಚೀಟಿ, ರೈಫಲಿನ ಕ್ರಮಸಂಖ್ಯೆಯಿರುವ ಖರೀದಿ ರಸೀದಿ ಒಂದೇ ಫೈಲಿನಲ್ಲಿ ಇದ್ದರೆ ಮಾತು ಬೇಗ ಮುಗಿಯುತ್ತದೆ. ವಿದೇಶಕ್ಕೆ ಹೋಗುವವರು ಹೊರಡುವಾಗಲೇ ಕಸ್ಟಮ್ಸ್‌ನಲ್ಲಿ ಆ ಸಂಖ್ಯೆ ನಮೂದು ಮಾಡಿಸದಿದ್ದರೆ ವಾಪಸು ಬರುವಾಗ ತಮ್ಮದೇ ರೈಫಲಿಗೆ ಲೆಕ್ಕ ಕೊಡಬೇಕಾಗುತ್ತದೆ.

ಊರು ತಲುಪಿದ ಮೇಲೂ ಒಂದು ಕೆಲಸವಿದೆ, ಅದನ್ನು ಬಹುತೇಕರು ಮಾಡುವುದಿಲ್ಲ. ತಣ್ಣಗಾಗಿ ಬಂದ ಲೋಹದ ಮೇಲೆ ಸೆಕೆಯ ಕೋಣೆಯಲ್ಲಿ ನೀರು ಕೂರುತ್ತದೆ. ಪೆಟ್ಟಿಗೆ ಕೋಣೆಯ ಹದಕ್ಕೆ ಬರುವವರೆಗೆ ಮುಚ್ಚಿಯೇ ಇರಲಿ. ಆಮೇಲೆ ತೆರೆದು, ಒರೆಸಿ, ಒಂದಷ್ಟು ಹೊತ್ತು ಹಾಗೇ ಬಿಡಿ.

ಇಷ್ಟರ ಮೇಲೆ ಯಾವ ಪೆಟ್ಟಿಗೆ? 50 ಮೀಟರ್ ಶೂಟರ್, ವರ್ಷಕ್ಕೆ ಹಲವು ಸಲ ವಿದೇಶಕ್ಕೆ ಹೋಗುವವರು, ತೂಕದ ಹಣ ಸಂಸ್ಥೆಯಿಂದ ಸಿಗುವವರು 1750 ಕೊಳ್ಳಲಿ, ಫೋಮ್ ಬದಲಾಯಿಸಲಿ. ಅದು ಅವರ ಶೂಟಿಂಗ್ ಬದುಕಿನುದ್ದಕ್ಕೂ ಬಾಳುತ್ತದೆ. ದೇಶದೊಳಗೆ ಓಡಾಡುವ 10 ಮೀಟರ್ ಶೂಟರಿಗೆ ಅದು ತಪ್ಪು ಆಯ್ಕೆ. ಬಟ್ ಪ್ಲೇಟ್ ಬಿಚ್ಚಿದಾಗ ಹಿಡಿಯುವಷ್ಟೇ ಉದ್ದದ, ಹಗುರ ಪ್ಲಾಸ್ಟಿಕ್ಕಿನ, ಬೀಗದ ಪರೀಕ್ಷೆಯಲ್ಲಿ ಬಾಯಿ ಬಿಡದ, ಕವಾಟವಿರುವ ಪೆಟ್ಟಿಗೆ ಅವರಿಗೆ ಸಾಕು. ಪೆಲಿಕನ್ ಕಂಪನಿಯದೇ ‘ಏರ್’ ಮಾಲಿಕೆ ಶೇಕಡಾ 40ರವರೆಗೆ ಹಗುರ ಎಂದು ಕಂಪನಿ ಹೇಳುತ್ತದೆ, ಬೇರೆಯವರವೂ ಇವೆ. ಅಂಗಡಿಗೆ ಹೋಗುವಾಗ ರೈಫಲಿನ ಅಳತೆ ಬರೆದ ಚೀಟಿ, ಎರಡು ಬೀಗ, ತೂಗುವ ಕೈತಕ್ಕಡಿ ಜೊತೆಗಿರಲಿ.

ಕೊನೆಯದಾಗಿ ನಮ್ಮ ರಾಜ್ಯದ ರೈಫಲ್ ಸಂಘಗಳಿಗೂ ಕ್ಲಬ್ಬುಗಳಿಗೂ ಒಂದು ಮನವಿ. ಹೊಸ ಮಕ್ಕಳು ಮೊದಲ ರಾಷ್ಟ್ರೀಯ ಸ್ಪರ್ಧೆಗೆ ಹೋಗುವುದೇ ಕ್ಲಬ್ಬಿನ ರೈಫಲನ್ನು ಸೋಫಾದ ಸ್ಪಂಜು ಸುತ್ತಿದ ಚೀಲದಲ್ಲಿ ಹಿಡಿದುಕೊಂಡು. ಪ್ರತಿ ಕ್ಲಬ್ಬೂ ಸರಿಯಾಗಿ ಫೋಮ್ ಕೊಯ್ದ ನಾಲ್ಕೈದು ಪೆಟ್ಟಿಗೆಗಳನ್ನು ಕೊಂಡು ಎರವಲು ಕೊಡಲಿ. ಹೊರಡುವ ಹಿಂದಿನ ದಿನ ಕೋಚ್ ಎದುರಿಗೇ ಮಕ್ಕಳಿಂದ ತುಂಬಿಸಿ, ತೂಗಿಸಿ, ಬೀಗ ಹಾಕಿಸಲಿ.