ಪಹಣಿ ಓದುವವರ ಇಂಟರ್‌ನೆಟ್

ಕನ್ನಡದಲ್ಲಿ ಇಂಟರ್‌ನೆಟ್ ಕಲಿಸಲು ಬಂದ ಕೈಪಿಡಿಗಳಲ್ಲಿ ನಾನು ಓದಿದವು ಬಹುಪಾಲು 1969ರ ಅರ್ಪಾನೆಟ್‌ನಿಂದಲೇ ಶುರುವಾಗುತ್ತವೆ. ಆಮೇಲೆ ಅಂತರ್ಜಾಲ, ಜಾಲತಾಣ, ಜಾಲವೀಕ್ಷಕ ಎಂದು ವ್ಯಾಖ್ಯಾನಗಳ ಸಾಲು. ಜಾಲತಾಣ ಒಳ್ಳೆಯ ಪದವೇ, ನಾನೂ ಬಳಸುತ್ತೇನೆ. ಆದರೆ ಕೊರಟಗೆರೆಯ ಸೈಬರ್ ಅಂಗಡಿಗೆ ಬಂದವರು ವ್ಯಾಖ್ಯಾನ ಕೇಳುವುದಿಲ್ಲ. "ಒಂದು ಪಹಣಿ ತೆಗ್ದುಕೊಡಪ್ಪ" ಅನ್ನುತ್ತಾರೆ.

ಪಾಠ ಶುರುವಾಗಬೇಕಾದದ್ದು ಅಲ್ಲಿಂದ. 'ಭೂಮಿ' ತಾಣ ಕೇಳುವುದು ಜಿಲ್ಲೆ, ತಾಲ್ಲೂಕು, ಹೋಬಳಿ (ಕಸಬಾ, ಹೊಳವನಹಳ್ಳಿ, ಕೋಳಾಲ, ಚನ್ನರಾಯನದುರ್ಗ ಇವುಗಳಲ್ಲೊಂದು), ಊರು, ಸರ್ವೆ ನಂಬರು, ಹಿಸ್ಸಾ. ಇಷ್ಟೂ ರೈತರಿಗೆ ಬಾಯಿಪಾಠ. ಪಹಣಿಯ ಒಂಬತ್ತನೇ ಕಾಲಂನಲ್ಲಿ ಹೆಸರು ಸರಿಯಿದೆಯೇ, ಹನ್ನೊಂದರಲ್ಲಿ ಬ್ಯಾಂಕಿನ ಸಾಲ ಇನ್ನೂ ಕೂತಿದೆಯೇ ಎಂದು ಅವರು ಓದುವ ಎಚ್ಚರ ನಮ್ಮ ವಿಮರ್ಶಕರಲ್ಲೂ ಅಪರೂಪ.

ಅವರಿಗೆ ಹೇಳಿಕೊಡಬೇಕಾದದ್ದು ಬೇರೆ. ಹುಡುಕಿದಾಗ ಮೊದಲು ಬಂದದ್ದೆಲ್ಲ ಸರ್ಕಾರದ್ದಲ್ಲ. ಬ್ರೌಸರಿನ ಮೇಲ್ಪಟ್ಟಿಯಲ್ಲಿ ತಾಣದ ಹೆಸರು 'ಗವ್ ಡಾಟ್ ಇನ್' ಎಂದು ಮುಗಿಯುತ್ತದೆಯೇ ನೋಡಬೇಕು. ಇದು ತಿಳಿಯದಿದ್ದರೆ ಆಧಾರ್ ನಂಬರು, ಒಟಿಪಿ ಯಾರದೋ ಕೈ ಸೇರುತ್ತವೆ. ಅರ್ಪಾನೆಟ್‌ಗೆ ಪುಟಗಟ್ಟಲೆ ಕೊಡುವ ಕೈಪಿಡಿಗಳು ಇದನ್ನು ಒಂದು ಸಾಲಿನಲ್ಲೂ ಹೇಳಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ.